ಓದುಗರ ಪ್ರಶ್ನೆ: 180 ಲೀಟರ್ ಸೋಸಿ ಒಂದೂವರೆ ಲೀಟರ್ ಬಿಡುವ ಅಂಗ

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ಬೋಟಿನಿಂದ ಮೀನು ಇಳಿಸುವ ಕೆಲಸ ನನ್ನದು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದರೂ ಮೂತ್ರ ಎರಡು ಮೂರು ಸಲವಷ್ಟೇ, ಅದೂ ಕಡು ಹಳದಿಯಾಗಿ ಹೋಗುತ್ತದೆ. ಮೀನುಗಾರಿಕೆಗೆ ರಜೆಯಿರುವ ಜೂನ್, ಜುಲೈ ತಿಂಗಳಲ್ಲಿ ಅದರ ಅರ್ಧದಷ್ಟು ಕುಡಿದರೂ ಗಂಟೆಗೊಮ್ಮೆ ಏಳಬೇಕಾಗುತ್ತದೆ. ಸೆಕೆಗಾಲದಲ್ಲಿ ನನ್ನ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲವೇ? (ಓದುಗರು, ಮಲ್ಪೆ)

ಉತ್ತರ: ನೀವು ವಿವರಿಸಿದ್ದನ್ನು ನೋಡಿದರೆ ಸೆಕೆಗಾಲದಲ್ಲಿಯೇ ಅದು ಹೆಚ್ಚು ಜಾಣತನದಿಂದ ಕೆಲಸ ಮಾಡುತ್ತಿದೆ. ಕುಡಿದ ನೀರು ನೇರವಾಗಿ ಮೂತ್ರಪಿಂಡಕ್ಕೆ ಇಳಿಯುತ್ತದೆ ಎಂಬುದು ಅನೇಕರ ಕಲ್ಪನೆ. ಅದು ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡ ಕಾಣುವುದು ರಕ್ತವನ್ನು ಮಾತ್ರ. ತೂಕದಲ್ಲಿ ಒಂದೊಂದೂ ಸುಮಾರು 150 ಗ್ರಾಂ ಇರುವ ಈ ಎರಡು ಅಂಗಗಳಿಗೆ ಹೃದಯ ಹೊರದಬ್ಬುವ ರಕ್ತದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು, ಎಂದರೆ ನಿಮಿಷಕ್ಕೆ ಒಂದು ಲೀಟರಿಗೂ ಮಿಕ್ಕಿ, ಹರಿದು ಬರುತ್ತದೆ.

ಪ್ರತಿ ಮೂತ್ರಪಿಂಡದಲ್ಲಿ ನೆಫ್ರಾನ್ ಎಂಬ ಸೂಕ್ಷ್ಮ ಸೋಸುವ ಘಟಕಗಳು ಸುಮಾರು ಹತ್ತು ಲಕ್ಷ ಇವೆ. ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ಸೂಕ್ಷ್ಮವಾದ ರಕ್ತನಾಳಗಳ ಒಂದು ಗೊಂಚಲು ಇದ್ದು, ಅದನ್ನು ಬಟ್ಟಲಿನಂತಹ ಕೋಶವೊಂದು ಸುತ್ತಿಕೊಂಡಿರುತ್ತದೆ. ಗೊಂಚಲಿಗೆ ರಕ್ತ ತರುವ ನಾಳಕ್ಕಿಂತ ಹೊರಗೆ ಒಯ್ಯುವ ನಾಳ ಕಿರಿದಾಗಿರುವುದರಿಂದ ಒಳಗೆ ಒತ್ತಡ ಹೆಚ್ಚಿ, ರಕ್ತಕಣಗಳನ್ನೂ ದೊಡ್ಡ ಪ್ರೋಟೀನ್‌ಗಳನ್ನೂ ಹಿಂದೆ ಉಳಿಸಿ, ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲವೂ ಬಟ್ಟಲಿಗೆ ಸೋರುತ್ತವೆ. ಹೀಗೆ ಸೋರುವುದು ನಿಮಿಷಕ್ಕೆ ಸುಮಾರು 125 ಮಿಲಿಲೀಟರ್, ದಿನಕ್ಕೆ 180 ಲೀಟರ್, ಅಂದರೆ ಹದಿನೈದು ಲೀಟರಿನ ಹನ್ನೆರಡು ಕೊಡಪಾನ. ಮೂತ್ರಪಿಂಡವು ಕಸವನ್ನು ಹೆಕ್ಕಿ ಹೊರಗೆಸೆಯುತ್ತದೆ ಎಂದು ಹೇಳುವುದುಂಟು; ನನಗೆ ಆ ಮಾತು ಒಪ್ಪಿಗೆಯಿಲ್ಲ. ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ, ಬೇಕಾದುದನ್ನು ಒಂದೊಂದಾಗಿ ಒಳಗೆ ತರುವವನ ರೀತಿ ಅದರದು. ಅಂಗಳದಲ್ಲಿ ಉಳಿದದ್ದೇ ಮೂತ್ರ.

ಒಳಗೆ ತರುವ ಕೆಲಸ ನಡೆಯುವುದು ನೆಫ್ರಾನಿನ ಉದ್ದನೆಯ ನಳಿಕೆಯಲ್ಲಿ. ಅದರ ಮೊದಲ ಭಾಗದಲ್ಲಿಯೇ ಸುಮಾರು ಮೂರನೆಯ ಎರಡರಷ್ಟು ನೀರು ಮತ್ತು ಸೋಡಿಯಂ ರಕ್ತಕ್ಕೆ ಹಿಂದಿರುಗುತ್ತವೆ. ಸಕ್ಕರೆಯಂತೂ ಬಹುತೇಕ ಪೂರ್ತಿ ಹಿಂದಿರುಗುತ್ತದೆ. ರಕ್ತದ ಸಕ್ಕರೆ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮಾತ್ರ ಹೊತ್ತು ತರುವವರ ಕೈ ಸಾಲದೆ ಅದು ಮೂತ್ರದಲ್ಲಿ ಕಾಣಿಸುತ್ತದೆ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ನಮ್ಮ ಹಿಂದಿನ ವೈದ್ಯರು ಈ ರೋಗಕ್ಕೆ ಮಧುಮೇಹವೆಂದು ಹೆಸರಿಟ್ಟದ್ದು ಇದೇ ಕಾರಣಕ್ಕೆ.

ಮುಂದೆ ನಳಿಕೆಯು ಹೆನ್ಲೆಯ ಕುಣಿಕೆಯಾಗಿ ಮೂತ್ರಪಿಂಡದ ಒಳತಿರುಳಿಗೆ ಇಳಿದು ಮತ್ತೆ ಮೇಲೇರುತ್ತದೆ. ಇಳಿಯುವ ಕವಲು ನೀರನ್ನು ಹೊರಬಿಡುತ್ತದೆ. ಏರುವ ಕವಲು ಉಪ್ಪನ್ನು ಹೊರಹಾಕುತ್ತದೆಯಾದರೂ ನೀರನ್ನು ಬಿಟ್ಟುಕೊಡುವುದಿಲ್ಲ. ಈ ಎದುರುಬದುರಿನ ಹರಿವಿನಿಂದ ತಿರುಳಿನ ಆಳವು ರಕ್ತಕ್ಕಿಂತ ನಾಲ್ಕು ಪಟ್ಟು ಸಾಂದ್ರವಾಗುತ್ತದೆ. ಕೊನೆಯ ಸಂಗ್ರಹನಾಳ ಹಾದುಹೋಗುವುದು ಈ ಉಪ್ಪಿನ ಕೆಸರಿನ ನಡುವೆಯೇ. ಅದರ ಗೋಡೆ ತೆರೆದರೆ ನೀರು ಹೊರಕ್ಕೆ ಸೆಳೆಯಲ್ಪಟ್ಟು ಶರೀರಕ್ಕೆ ಮರಳುತ್ತದೆ, ಮುಚ್ಚಿದರೆ ಮೂತ್ರವಾಗಿ ಹೋಗುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಈ ಗೋಡೆಯಲ್ಲಿದೆ. ರಕ್ತ ಶೇಕಡಾ ಒಂದೆರಡರಷ್ಟು ಗಟ್ಟಿಯಾದರೂ ಮಿದುಳಿನ ಹೈಪೋಥಲಾಮಸ್ ಅದನ್ನು ಗುರುತಿಸಿ, ವಾಸೋಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬರುವಂತೆ ಮಾಡುತ್ತದೆ. ಆ ಹಾರ್ಮೋನು ಗೋಡೆಯಲ್ಲಿ ಅಕ್ವಾಪೊರಿನ್ ಎಂಬ ನೀರಿನ ಕಿಂಡಿಗಳನ್ನು ಜೋಡಿಸುತ್ತದೆ. (ಅಕ್ವಾಪೊರಿನ್‌ಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ದೊರೆಯಿತು.) ಕರಾವಳಿಯ ಹವೆಯಲ್ಲಿ ತೇವ ಹೆಚ್ಚಾಗಿರುವುದರಿಂದ ಬೆವರು ಆರದೆ ಹರಿದು ಬೀಳುತ್ತದೆ, ಆರಿದ ಬೆವರು ಮಾತ್ರ ಮೈಯನ್ನು ತಣಿಸುವುದರಿಂದ ಶರೀರ ಇನ್ನಷ್ಟು ಬೆವರುತ್ತದೆ. ಭಾರ ಹೊರುವವರು ಗಂಟೆಗೆ ಒಂದು ಲೀಟರಿನವರೆಗೂ ಹೀಗೆ ಕಳೆದುಕೊಳ್ಳಬಹುದು. ಆದ್ದರಿಂದ ನಿಮ್ಮ ನಾಲ್ಕು ಲೀಟರ್ ಬೆವರಿಗೇ ಸಂದಿತು. ಜುಲೈಯಲ್ಲಿ ಬೆವರಿಲ್ಲ, ವಾಸೋಪ್ರೆಸಿನ್ ತಗ್ಗಿತು, ಕಿಂಡಿ ಮುಚ್ಚಿತು. ಇನ್ನು ಬಣ್ಣದ ವಿಷಯ: ಹಳೆಯ ಕೆಂಪು ರಕ್ತಕಣಗಳಲ್ಲಿನ ಹೀಮ್ ಎಂಬ ಕೆಂಪು ವಸ್ತು ಒಡೆದು ಹುಟ್ಟುವ ಯೂರೊಬಿಲಿನ್ ಎಂಬ ಹಳದಿ ಬಣ್ಣ ಹೆಚ್ಚುಕಡಿಮೆ ದಿನವೂ ಅಷ್ಟೇ ಬರುತ್ತದೆ, ನೀರು ಕಡಿಮೆಯಾದರೆ ಅದೇ ಬಣ್ಣ ಗಾಢವಾಗುತ್ತದೆ.

ಎರಡು ಎಚ್ಚರಿಕೆಗಳಿವೆ. ಸೆಕೆಗಾಲದಲ್ಲಿ ಬರಿಯ ನೀರಿಗಿಂತ ಉಪ್ಪು ಹಾಕಿದ ಗಂಜಿತಿಳಿ ಮೇಲು, ಏಕೆಂದರೆ ಬೆವರಿನೊಡನೆ ಉಪ್ಪೂ ಹೋಗಿರುತ್ತದೆ. ರಕ್ತದೊತ್ತಡಕ್ಕೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳಿ ಕುಡಿಯಬೇಕು. ಮಳೆಗಾಲದಲ್ಲಿ ಜ್ವರ ಮತ್ತು ಮೈಕೈ ನೋವಿನೊಂದಿಗೆ ಮೂತ್ರ ಕಡಿಮೆಯಾದರೆ ಅದನ್ನು ಬೆವರಿನ ಲೆಕ್ಕಕ್ಕೆ ಹಾಕಬೇಡಿ. ನಮ್ಮ ಕರಾವಳಿಯಲ್ಲಿ ಕಾಣಿಸುವ ಇಲಿಜ್ವರವು ಮೂತ್ರಪಿಂಡಕ್ಕೇ ಏಟು ಕೊಡುವ ಕಾಯಿಲೆಯಾದ್ದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಕಿಡ್ನಿ ಉಪ್ಪನ್ನು ಹೊರಹಾಕುವುದಾದರೆ, ನಡುಗಡಲಿನಲ್ಲಿ ಸಿಕ್ಕಿಬಿದ್ದವರು ಸಮುದ್ರದ ನೀರು ಕುಡಿದು ಏಕೆ ಬದುಕಬಾರದು? (ವಿದ್ಯಾರ್ಥಿನಿ, ಉಡುಪಿ)

ಉತ್ತರ: ಹೊರಹಾಕುತ್ತದೆ, ಆದರೆ ಅದಕ್ಕೊಂದು ಮಿತಿಯಿದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮೇಲೆ ಹೇಳಿದ ತಿರುಳಿನ ಸಾಂದ್ರತೆಯನ್ನು ಮೀರಿ ಮೂತ್ರವನ್ನು ಗಟ್ಟಿಗೊಳಿಸಲು ಮನುಷ್ಯನ ಮೂತ್ರಪಿಂಡಕ್ಕೆ ಸಾಧ್ಯವಿಲ್ಲ. ಆ ಗಟ್ಟಿ ಮೂತ್ರದಲ್ಲಿಯೂ ಯೂರಿಯಾ ಮುಂತಾದವುಗಳಿಗೆ ಜಾಗ ಬಿಡಬೇಕು. ಹೀಗಾಗಿ ಒಂದು ಲೀಟರ್ ಕಡಲ ನೀರಿನ ಉಪ್ಪನ್ನು ಕಳೆಯಲು ಸುಮಾರು ಒಂದೂವರೆ ಲೀಟರ್ ಮೂತ್ರ ಬೇಕಾಗುತ್ತದೆ. ಹೆಚ್ಚುವರಿ ಅರ್ಧ ಲೀಟರನ್ನು ಶರೀರ ತನ್ನ ಜೀವಕೋಶಗಳಿಂದ ಹಿಂಡಿ ಕೊಡಬೇಕು. ಮೀನುಗಾರಿಕೆಗೆ ಹೋಗುವ ಬೋಟುಗಳು ಡೀಸೆಲ್, ಮಂಜುಗಡ್ಡೆಯೊಂದಿಗೆ ಸಿಹಿನೀರನ್ನೂ ತುಂಬಿಕೊಂಡೇ ಹೊರಡುವುದು ಸುಮ್ಮನೆ ಅಲ್ಲ.

ಪ್ರಶ್ನೆ: ತಮ್ಮನಿಗೆ ಒಂದು ಕಿಡ್ನಿ ಕೊಟ್ಟವರಿಗೆ ಮೂತ್ರ ಅರ್ಧಕ್ಕೆ ಇಳಿಯುತ್ತದೆಯೇ? (ಓದುಗರು, ಮಂಗಳೂರು)

ಉತ್ತರ: ಇಲ್ಲ. ಉಳಿದ ಮೂತ್ರಪಿಂಡ ಸ್ವಲ್ಪ ದೊಡ್ಡದಾಗಿ, ಮೊದಲು ಎರಡೂ ಸೇರಿ ಸೋಸುತ್ತಿದ್ದುದರ ಸುಮಾರು ಮುಕ್ಕಾಲು ಭಾಗದಷ್ಟನ್ನು ಒಂದೇ ಸೋಸತೊಡಗುತ್ತದೆ. 180 ಲೀಟರಿನ ಬದಲು 130 ಲೀಟರ್ ಸೋಸಿದರೂ, ಅದರಲ್ಲಿ ಎಷ್ಟು ಹೊರಹೋಗಬೇಕೆಂಬುದನ್ನು ತೀರ್ಮಾನಿಸುವುದು ಅವರು ಕುಡಿದ ನೀರು ಮತ್ತು ಹರಿಸಿದ ಬೆವರು. ಮೂತ್ರದ ಪ್ರಮಾಣ ಮೊದಲಿನಷ್ಟೇ ಇರುತ್ತದೆ.