ರ‍್ಯಾಂಪ್ ಇದೆ, ವೀಲ್‌ಚೇರ್ ಹತ್ತಲ್ಲ

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಪಿಡಿಒ. ಕಚೇರಿಗೆ ರ‍್ಯಾಂಪ್ ಕಟ್ಟಿಸಿದ್ದೇವೆ. ಆದರೂ ವೀಲ್‌ಚೇರ್‌ನಲ್ಲಿ ಬರುವ ನಮ್ಮ ಡಾಟಾ ಎಂಟ್ರಿ ಆಪರೇಟರ್‌ನ ದಿನಾ ಇಬ್ಬರು ಎತ್ತಿಕೊಂಡೇ ಒಳಗೆ ತರಬೇಕು. ಏನು ತಪ್ಪಾಗಿದೆ?

ಉತ್ತರ: ಈ ಪ್ರಶ್ನೆ ಓದಿ ಓದಿ ಸಾಕಾಗಿದೆ. ಟೇಪ್ ಹಿಡಿದು ಅಳತೆ ಮಾಡಿದಿರಾ? ಒಂದಡಿ ಎತ್ತರಕ್ಕೆ ಕಡೇಪಕ್ಷ 12 ಅಡಿ ಉದ್ದ ಬೇಕು. ನೀವು ಕಳಿಸಿದ ಫೋಟೋದಲ್ಲಿ ಮೂರು ಮೆಟ್ಟಿಲಿವೆ. ಆರಾರು ಇಂಚು ಅಂದ್ಕೊಂಡರೂ ಒಂದೂವರೆ ಅಡಿ ಎತ್ತರ, ಅಂದರೆ 18 ಅಡಿ ರ‍್ಯಾಂಪ್. ನಿಮ್ಮದು ಆರೇಳು ಅಡಿ ದಾಟಲ್ಲ. ಅಷ್ಟು ಕಡಿದಾದರೆ ಹಿಂದಿನಿಂದ ತಳ್ಳುವವರಿಗೂ ಅಪಾಯ. ಜಾಗ ಇಲ್ಲ ಅನ್ನಬೇಡಿ. ಗೋಡೆ ಪಕ್ಕದಲ್ಲೇ ತಿರುಗಿಸಿ ತನ್ನಿ, ತಿರುವಿನಲ್ಲಿ ಐದಡಿ ಸಮತಟ್ಟು ಜಾಗ ಬಿಡಿ. ಎರಡೂ ಕಡೆ ಹಿಡಿಕಂಬಿ ಇರಲಿ. ಹೊಳೆಯುವ ಟೈಲ್ಸ್ ಹಾಕಿದ್ದರೆ ಕೀಳಿಸಿ, ಮಳೆ ನೀರು ಬಿದ್ದರೆ ಜಾರುತ್ತೆ.

ನೀವು ಕೇಳದೇ ಇರುವುದನ್ನೂ ಹೇಳ್ತೀನಿ. ಶೌಚಾಲಯ. ಒಂದು ಕಚೇರಿಯಲ್ಲಿ ‘ಅಂಗವಿಕಲರಿಗೆ’ ಅಂತ ಬೋರ್ಡ್ ಇತ್ತು, ಬಾಗಿಲಿಗೆ ಬೀಗ. ಕೀಲಿ ಹುಡುಕಿಸಿ ತೆಗೆಸಿದೆ. ಒಳಗೆ ಬ್ಲೀಚಿಂಗ್ ಪೌಡರ್ ಮೂಟೆ, ಪೊರಕೆ, ಕಾಲು ಮುರಿದ ಕುರ್ಚಿ. ಅಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಹೇಳಿದರು: “ಸಾಯಂಕಾಲ ಮನೆಗೆ ಹೋಗೋವರೆಗೂ ನಾನು ನೀರೇ ಕುಡಿಯಲ್ಲ ಸರ್.” ಕೇಳಿ ಹೊಟ್ಟೆ ಉರಿದುಹೋಯಿತು. ಬಾಗಿಲು 900 ಮಿ.ಮೀ. ಅಗಲ ಇರಲಿ, ಹೊರಗಡೆಗೆ ತೆರೆಯಲಿ. ಒಳಗೆ ವೀಲ್‌ಚೇರ್ ತಿರುಗಲು ಐದಡಿ ಜಾಗ ಬೇಕು. ಗೋಡೆ ಏಳುವ ಮೊದಲೇ ನಿಮ್ಮ ಆಪರೇಟರನ್ನು ಅಲ್ಲಿಗೆ ಕರೆದು ಕೇಳಿ, ಅವರಿಗಿಂತ ಚೆನ್ನಾಗಿ ಯಾವ ಗುತ್ತಿಗೆದಾರನಿಗೂ ಗೊತ್ತಿರಲ್ಲ.

ಕಟ್ಟಡ ಅಂಗವಿಕಲಸ್ನೇಹಿ ಅಂತ ಸರ್ಟಿಫಿಕೇಟ್ ಕೊಡಿಸ್ತೀವಿ ಅಂತ ಬರುವ ಏಜೆನ್ಸಿಯವರನ್ನು ನಂಬಬೇಡಿ. ಕಣ್ಣು ಕಾಣದವರಿಗೆ ದಾರಿ ತೋರಿಸಲು ಅವರು ಹಾಕಿದ ಹಳದಿ ಟೈಲ್ಸ್ ಹಾದಿ ಸೀದಾ ಕಂಬಕ್ಕೆ ಹೋಗಿ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೇ ಕಟ್ಟಡ ಸರಿಪಡಿಸಲು ಕೊಟ್ಟಿದ್ದ ಐದು ವರ್ಷ 2022ರಲ್ಲೇ ಮುಗಿದಿದೆ. ಇಂಥ ಸೌಲಭ್ಯಗಳ ನಿಯಮಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಪ್ರಶ್ನೆ: ನಮ್ಮಲ್ಲಿ ಅಂಗವಿಕಲ ನೌಕರರೇ ಇಲ್ಲ. ಸುಮ್ನೆ ಖರ್ಚು ಯಾಕೆ?

ಉತ್ತರ: ಒಳಗೆ ಬರೋಕೇ ದಾರಿ ಇಲ್ಲದ ಕಚೇರಿಗೆ ಅವರು ಹೇಗೆ ಬರಬೇಕು ಸ್ವಾಮಿ?

ಪ್ರಶ್ನೆ: ಕಣ್ಣು ಕಾಣದ ನಮ್ಮ ಗುಮಾಸ್ತರ ಕಂಪ್ಯೂಟರ್ ಸುತ್ತೋಲೆಗಳನ್ನು ಓದುವಾಗ ಏನೇನೋ ಬಡಬಡಿಸುತ್ತೆ.

ಉತ್ತರ: ಪರದೆ ಮೇಲಿನದನ್ನು ಓದಿ ಹೇಳುವ ತಂತ್ರಾಂಶಕ್ಕೆ ಹಳೇ ನುಡಿ ಫಾಂಟ್ ಅರ್ಥವಾಗಲ್ಲ. ಅದನ್ನು ಬಿಡಿ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಸ್ಕ್ಯಾನ್ ಮಾಡಿದ ಪ್ರತಿ ಕಳಿಸಬೇಡಿ.

ಪ್ರಶ್ನೆ: ಅಪಘಾತದಲ್ಲಿ ಕಾಲು ಹೋಯಿತು. ಸ್ವಯಂ ನಿವೃತ್ತಿ ತಗೊಳ್ಳಿ ಅಂತ ಕಚೇರಿಯಲ್ಲಿ ಒತ್ತಾಯ ಮಾಡ್ತಿದ್ದಾರೆ.

ಉತ್ತರ: ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನಿಮ್ಮದು ಸರ್ಕಾರಿ ಕಚೇರಿಯಾದರೆ, ಮೇಲೆ ಹೇಳಿದ 2016ರ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ಹುದ್ದೆ ಖಾಲಿ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಾದರೂ ನಿಮ್ಮನ್ನು ಉಳಿಸಿಕೊಳ್ಳಬೇಕು. ಇವತ್ತೇ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ.