ಹತ್ತುಮೀನಿನ ಹೊತ್ತು: ಹೊಳೆ, ಕೆರೆ, ಹಿನ್ನೀರಿನ ಮೀನುಗಾರಿಕೆಯ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಮೃಗಶಿರಾ ಮಳೆ ಮುಗಿದು ಆರಿದ್ರಾ ಹಿಡಿದುಕೊಂಡಿರುವ ಈ ದಿನಗಳಲ್ಲಿ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯ ಸುತ್ತ ಇವೆ: ಹೊಳೆಗೆ ಕೆಂಪು ನೀರು ಬಂದಿದೆ, ಮೀನು ಹತ್ತುತ್ತಿದೆ (ಮೊಟ್ಟೆ ಇಡಲು ಹೊಳೆಯಿಂದ ಹಳ್ಳ, ಗದ್ದೆಗಳಿಗೆ ಏರುತ್ತಿದೆ), ಈಗ ಎಲ್ಲಿ ಏನು ಸಿಗುತ್ತದೆ, ಎಷ್ಟು ಹಿಡಿಯಬಹುದು? ತುಂಗೆ ಮತ್ತು ಶರಾವತಿಯ ಕಡೆಯಿಂದ ಹಿಡಿದು ಹೊಸಪೇಟೆ, ಮಂಡ್ಯದವರೆಗಿನ ಓದುಗರು ಬರೆದಿದ್ದಾರೆ. ಒಂದೇ ವಿಷಯದ ಪತ್ರಗಳನ್ನು ಸೇರಿಸಿ, ಮುಖ್ಯವಾದವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಕಳೆದ ವಾರ ಒಂದೇ ರಾತ್ರಿಯಲ್ಲಿ ನಮ್ಮ ಗದ್ದೆಯ ಹಳ್ಳದಲ್ಲಿ ಎರಡು ಬುಟ್ಟಿ ಹತ್ತುಮೀನು ಸಿಕ್ಕಿತು. ಸಸಲು, ಗಿರ್ಲು, ನಾಲ್ಕೈದು ಮುರುಗೋಡು. ನಮ್ಮ ಅಜ್ಜನ ಕಾಲದಿಂದಲೂ ಹೀಗೆಯೇ ಹಿಡಿಯುತ್ತ ಬಂದಿದ್ದೇವೆ, ಆಗ ಮೀನು ಕಡಿಮೆಯಾಗಿರಲಿಲ್ಲ. ಈಗ ಮಾತ್ರ ಹಿಡಿಯಬೇಡಿ ಎನ್ನುವುದು ಏಕೆ? (ತೀರ್ಥಹಳ್ಳಿ ತಾಲ್ಲೂಕಿನ ಕೃಷಿಕರು)

ನಿಮ್ಮ ಪ್ರಶ್ನೆಯಲ್ಲಿ ನ್ಯಾಯವಿದೆ. ಮಲೆನಾಡಿನಲ್ಲಿ ಹುಟ್ಟಿದ ಯಾರಿಗೂ ಮೊದಲ ಜಡಿಮಳೆಯ ರಾತ್ರಿ ಟಾರ್ಚು ಹಿಡಿದು ಹಳ್ಳಕ್ಕಿಳಿದ ನೆನಪು ಇಲ್ಲದಿರಲಾರದು, ನನಗೂ ಇದೆ. ಒಮ್ಮೆ ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಬೀಳುವ ಕಂಡಿಯ ಬಳಿ ಕುಳಿತು ನೋಡಿದ್ದೆ. ಬೆರಳುದ್ದದ ಸಸಲುಗಳು ಬೆರಳ ದಪ್ಪವೂ ಇಲ್ಲದ ನೀರಿನಲ್ಲಿ ಪಕ್ಕಕ್ಕೆ ವಾಲಿಕೊಂಡು, ಅರ್ಧ ಮೈ ಗಾಳಿಯಲ್ಲಿ, ಅರ್ಧ ಮೈ ಕೆಸರಿನಲ್ಲಿ, ಬಾಲ ಬಡಿಯುತ್ತ ಮೇಲೇರುತ್ತಿದ್ದವು. ಜಾರಿ ಬಿದ್ದದ್ದು ಅರೆಗಳಿಗೆ ಸುಧಾರಿಸಿಕೊಂಡು ಮತ್ತೆ ಅದೇ ಕಂಡಿಗೆ ಬರುತ್ತಿತ್ತು. ಆ ರಾತ್ರಿ ಮನೆಗೆ ತಂದ ಗಿರ್ಲುಗಳನ್ನು ಬೆಳಿಗ್ಗೆ ಕೊಯ್ದಾಗ ಒಂದೊಂದರ ಹೊಟ್ಟೆಯಲ್ಲೂ ನವಣೆ ಕಾಳಿನಂತಹ ಮೊಟ್ಟೆ ಒತ್ತೊತ್ತಾಗಿ ತುಂಬಿತ್ತು. ಕರುಳಿಗೂ ಜಾಗವಿಲ್ಲದಷ್ಟು ತುಂಬಿತ್ತು.

ಮೀನು ಹತ್ತುವುದು ಆ ಮೊಟ್ಟೆಗಾಗಿಯೇ. ಬೇಸಿಗೆಯನ್ನು ಹೊಳೆಯ ಗುಂಡಿಗಳಲ್ಲಿ ಕಳೆದ ಮೀನುಗಳು ಹೊಸ ನೀರಿನ ತಂಪು, ಮಣ್ಣಿನ ವಾಸನೆ, ಹರಿವಿನ ರಭಸ ತಿಳಿದ ಕೂಡಲೇ ಮೇಲ್ಮುಖವಾಗಿ ಹೊರಡುತ್ತವೆ. ಹೊಳೆಯ ನಡುವೆ ಮೊಟ್ಟೆ ಇಟ್ಟರೆ ಪ್ರವಾಹ ಕೊಚ್ಚಿಕೊಂಡು ಹೋಗುತ್ತದೆ. ಗದ್ದೆಯ ಮತ್ತು ಹಳ್ಳದ ಅಂಚಿನ ಆಳವಿಲ್ಲದ ನೀರಿನಲ್ಲಾದರೆ ಮೊಟ್ಟೆಗೆ ಹುಲ್ಲಿನ ಆಸರೆ, ಮರಿಗೆ ಬೇಕಾದ ಸೂಕ್ಷ್ಮ ಆಹಾರ, ದೊಡ್ಡ ಮೀನಿನಿಂದ ರಕ್ಷಣೆ, ಮೂರೂ ಸಿಗುತ್ತವೆ. ರೋಹು, ಕಾಟ್ಲಾದಂತಹ ದೊಡ್ಡ ಗೆಂಡೆಗಳಲ್ಲಿ ತಾಯಿಮೀನಿನ ಪ್ರತಿ ಕಿಲೋ ತೂಕಕ್ಕೆ 1 ಲಕ್ಷಕ್ಕೂ ಹೆಚ್ಚು ಮೊಟ್ಟೆಗಳಿರುತ್ತವೆ. ಸಣ್ಣ ಮೀನುಗಳಲ್ಲಿ ಸಂಖ್ಯೆ ಕಡಿಮೆಯಾದರೂ ಸಾವಿರದ ಲೆಕ್ಕದಲ್ಲೇ ಇರುತ್ತದೆ. ನಿಮ್ಮ ಎರಡು ಬುಟ್ಟಿಗಳನ್ನು ಈ ಲೆಕ್ಕದಲ್ಲಿ ಒಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಇನ್ನು ಅಜ್ಜನ ಕಾಲದ ಮಾತು. ಅವರು ಹಿಡಿದದ್ದು ನಿಜ, ಮೀನು ಉಳಿದದ್ದೂ ನಿಜ. ಆದರೆ ಅವರ ಕೂಣಿ (ಹರಿವಿಗೆ ಅಡ್ಡ ಇಡುವ ಮೀನಿನ ಬುಟ್ಟಿ) ಬಿದಿರಿನದು, ಸಣ್ಣ ಮರಿ ಅದರ ಸಂದಿಯಲ್ಲಿ ನುಸುಳಿ ಹೋಗುತ್ತಿತ್ತು. ಹಳ್ಳದ ಒಂದು ಮಗ್ಗುಲಿಗೆ ಕೂಣಿ ಇಟ್ಟರೆ ಇನ್ನೊಂದು ಮಗ್ಗುಲು ಮೀನಿಗೆ ಬಿಟ್ಟಂತೆ ಇರುತ್ತಿತ್ತು. ಇಂದು ದಂಡೆಯಿಂದ ದಂಡೆಗೆ ಕಟ್ಟುವ ಸಣ್ಣ ಕಣ್ಣಿನ ನೈಲಾನ್ ಬಲೆಯಲ್ಲಿ ಏನೂ ದಾಟುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಅಂದು ಹಳ್ಳದ ಇಕ್ಕೆಲಗಳಲ್ಲೂ ಗದ್ದೆಗಳಿದ್ದವು. ಗದ್ದೆಗಳು ಅಡಿಕೆ ತೋಟಗಳಾಗಿ ಏರುಮಡಿ ಕಟ್ಟಿಸಿಕೊಂಡ ಮೇಲೆ, ಉಳಿದ ಗದ್ದೆಗಳಿಗೆ ಕಳೆನಾಶಕ ಬಂದ ಮೇಲೆ, ಮೀನಿಗೆ ತೊಟ್ಟಿಲು ಕಟ್ಟುವ ಜಾಗವೇ ಕಿರಿದಾಗಿದೆ. ಹೊಳೆಗೆ ಅಡ್ಡವಾಗಿ ಎದ್ದ ಅಣೆಕಟ್ಟುಗಳು ದೂರದಿಂದ ಏರಿ ಬರುವ ಮೀನಿನ ದಾರಿಯನ್ನೇ ಮುಚ್ಚಿವೆ. ಹೀಗೆ ಎಲ್ಲ ಕಡೆಯಿಂದಲೂ ಇಕ್ಕಟ್ಟಿಗೆ ಸಿಕ್ಕಿದ ಮೀನು ನಿಮ್ಮ ಹಳ್ಳಕ್ಕೆ ಬಂದಿದೆ, ಅಷ್ಟೇ ವ್ಯತ್ಯಾಸ.

ಮೀನುಗಾರಿಕೆ ಇಲಾಖೆ ಮಳೆಗಾಲದ ಆರಂಭದಲ್ಲಿ ನದಿ, ಜಲಾಶಯಗಳಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸುವುದು ಇದೇ ಕಾರಣಕ್ಕೆ. ನಿಮ್ಮ ಜಿಲ್ಲೆಗೆ ಅನ್ವಯಿಸುವ ದಿನಾಂಕಗಳನ್ನು ತಾಲ್ಲೂಕು ಕಚೇರಿಯ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಆಶ್ಲೇಷಾ, ಮಖೆಯ ಹೊತ್ತಿಗೆ ನೀರು ಇಳಿಯುವಾಗ ಮೊಟ್ಟೆ ಇಟ್ಟು ಮುಗಿಸಿದ ಮೀನುಗಳು ಹೊಳೆಗೆ ಹಿಂತಿರುಗುತ್ತವೆ. ನಿಷೇಧದ ಅವಧಿ ಮುಗಿದಿದ್ದರೆ ಆಗ ಕೂಣಿ ಇಡಿ. ಸಾರಿನ ರುಚಿ ಸ್ವಲ್ಪ ಕಡಿಮೆ ಎಂದು ಹಿರಿಯರು ಹೇಳುತ್ತಾರೆ, ಅದು ಇರಬಹುದು. ಬುಟ್ಟಿ ಮಾತ್ರ ಮುಂದಿನ ವರ್ಷವೂ ತುಂಬುತ್ತದೆ.

ಪ್ರಶ್ನೆ: ಲಿಂಗನಮಕ್ಕಿ ಹಿನ್ನೀರಿನ ಅಂಚಿನಲ್ಲಿ ಗಾಳ ಹಾಕುವ ಹವ್ಯಾಸ ನನ್ನದು. ಮೇ ತಿಂಗಳಲ್ಲಿ ಚೆನ್ನಾಗಿ ಕಚ್ಚುತ್ತಿದ್ದ ಮೀನು ಮಳೆ ಶುರುವಾದ ಮೇಲೆ ಗಾಳದ ಹತ್ತಿರವೂ ಸುಳಿಯುತ್ತಿಲ್ಲ. ಎರೆ ಬದಲಿಸಬೇಕೇ? (ಸಾಗರ)

ಎರೆಗಿಂತ ಮೊದಲು ನೀರನ್ನು ನೋಡಿ. ಬೇಸಿಗೆಯ ಕೊನೆಯಲ್ಲಿ ಹಿನ್ನೀರು ತಳ ಕಾಣುವಷ್ಟು ಇಳಿದಿರುವುದರಿಂದ ಮೀನುಗಳು ಉಳಿದ ಗುಂಡಿಗಳಲ್ಲಿ ದಟ್ಟವಾಗಿರುತ್ತವೆ, ಆಗ ಕಚ್ಚುವುದು ಸಹಜ. 1819 ಅಡಿಯ ಪೂರ್ಣ ಮಟ್ಟದ ಕಡೆಗೆ ಜಲಾಶಯ ಏರತೊಡಗಿದಾಗ ಅದೇ ಮೀನುಗಳು ಹೊಸದಾಗಿ ಮುಳುಗಿದ ಹುಲ್ಲುಗಾವಲುಗಳಿಗೆ ಹರಡಿಕೊಳ್ಳುತ್ತವೆ. ಅಲ್ಲಿ ಕೊಚ್ಚಿ ಬಂದ ಹುಳು, ಕೀಟ ಬೇಕಾದಷ್ಟಿರುವಾಗ ನಿಮ್ಮ ಎರೆಯ ಅಗತ್ಯ ಅವಕ್ಕಿಲ್ಲ. ಜೊತೆಗೆ, ಕಣ್ಣನ್ನು ನಂಬಿ ತಿನ್ನುವ ಮೀನಿಗೆ ಕೆಂಪು ನೀರಿನಲ್ಲಿ ಎರೆ ಕಾಣುವುದೂ ಇಲ್ಲ. ಮೀಸೆಯಿಂದ ತಡಕಿ, ವಾಸನೆ ಹಿಡಿದು ತಿನ್ನುವ ಗಿರ್ಲು, ಬಾಳೆಮೀನುಗಳಿಗೆ ಈ ತೊಂದರೆ ಇಲ್ಲ. ಈ ವಾರ ಅಲ್ಲಿಂದ ಬರೆದ ಮತ್ತಿಬ್ಬರಿಗೂ ಸಂಜೆಯ ಹೊತ್ತಿನಲ್ಲಿ ಎರೆಹುಳುವಿಗೆ ಸಿಕ್ಕಿದ್ದು ಗಿರ್ಲು ಮಾತ್ರ.

ಮೊಟ್ಟೆಯ ಕಾಲ ಕಳೆದು ನೀರು ತಿಳಿಯಾಗುವವರೆಗೆ ಕಾಯುವುದೇ ಒಳ್ಳೆಯದು. ಆಮೇಲೆ ಹಳ್ಳದ ಕೆಂಪು ನೀರು ಹಿನ್ನೀರಿನ ತಿಳಿ ನೀರಿಗೆ ಸೇರುವ ಗೆರೆಯನ್ನು ಹುಡುಕಿ, ಗೆರೆಯ ತಿಳಿ ಮಗ್ಗುಲಿಗೆ ರಾಗಿ ಹಿಟ್ಟಿನ ಗಟ್ಟಿ ಉಂಡೆ ಕಟ್ಟಿದ ಗಾಳ ಬಿಡಿ. ಗೆಂಡೆಗಳು ಆ ಗೆರೆಯಲ್ಲಿ ಮೇಯುತ್ತವೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಮುಳುಗಿದ ಮರದ ಬೊಡ್ಡೆಗಳ ನಡುವೆ ತೆಪ್ಪದಲ್ಲಿ ಒಬ್ಬರೇ ಹೋಗಬೇಡಿ. ರಾತ್ರಿ ಏರಿದ ನೀರು ಬೆಳಿಗ್ಗೆ ಬೊಡ್ಡೆಯನ್ನು ಮುಚ್ಚಿರುತ್ತದೆ, ತೆಪ್ಪ ತಾಗುವವರೆಗೆ ತಿಳಿಯುವುದಿಲ್ಲ.

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ಕೆಂಪು ಬಣ್ಣದ ಸಾವಿರಾರು ಸಣ್ಣ ಮರಿಗಳು ಒಂದೇ ಗುಂಪಾಗಿ ಮೇಲೆ ಬಂದು ಮುಳುಗುತ್ತವೆ. ಹುಡುಗರು ಅಲ್ಲಿಗೆ ಕಪ್ಪೆ ಕಟ್ಟಿದ ಗಾಳ ಎಸೆದು ಎರಡು ದೊಡ್ಡ ಮೀನು ಹಿಡಿದರು. ಇದು ಯಾವ ಮೀನು? (ಮಂಡ್ಯ ಜಿಲ್ಲೆ)

ಅದು ಕೊರವ. ಕೆಲವು ಕಡೆ ಇದನ್ನೂ ಇದರ ಸಣ್ಣ ಬಳಗವನ್ನೂ ಕುಚ್ಚು ಎಂದು ಕರೆಯುತ್ತಾರೆ. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಮೀನು ಇದಾದ್ದರಿಂದ ಮರಿಗಳು ಆಗಾಗ ಮೇಲಕ್ಕೆ ಬರುತ್ತವೆ. ನೀರು ಸಣ್ಣಗೆ ಕುದಿಯುತ್ತಿರುವಂತೆ ಕಾಣುವುದು ಅದಕ್ಕೇ. ಆ ಕೆಂಪು ಗುಂಪಿನ ಕೆಳಗೆ, ಒಂದು ಮೊಳದ ಅಂತರದಲ್ಲಿ, ತಂದೆ ತಾಯಿ ಎರಡೂ ಕಾವಲಿರುತ್ತವೆ. ಗುಂಪಿನ ಹತ್ತಿರ ಏನು ಬಿದ್ದರೂ ಅವು ಎರಗುತ್ತವೆ. ಹೊಟ್ಟೆ ತುಂಬಿದ್ದರೂ ಎರಗುತ್ತವೆ, ಏಕೆಂದರೆ ಅವು ಬರುವುದು ತಿನ್ನಲು ಅಲ್ಲ, ಓಡಿಸಲು. ಹುಡುಗರ ಗಾಳಕ್ಕೆ ಅಷ್ಟು ಸುಲಭವಾಗಿ ಸಿಕ್ಕಿದ್ದು ಇದರಿಂದಲೇ.

ಆ ಎರಡು ಮೀನು ಹೋದ ಮೇಲೆ ಗುಂಪು ಎರಡು ಮೂರು ದಿನವೂ ಉಳಿಯುವುದು ಕಷ್ಟ. ಜಿಲೇಬಿ ಮೀನು (ತಿಲಾಪಿಯಾ), ನೀರುಕಾಗೆ, ಒಳ್ಳೆಹಾವು ಎಲ್ಲವೂ ಅದಕ್ಕೆ ಹೊಂಚು ಹಾಕಿರುತ್ತವೆ. ಪೇಟೆಯಲ್ಲಿ ಕೊರವನಿಗೆ ಒಳ್ಳೆಯ ಬೆಲೆಯಿದೆ, ಜೀವಂತ ಮಾರಿದರೆ ಇನ್ನೂ ಹೆಚ್ಚು. ಆದ್ದರಿಂದ ಹುಡುಗರಿಗೆ ಬೈಯುವ ಬದಲು ಕೆರೆಯ ಗುತ್ತಿಗೆ ಪಡೆದ ಸಂಘದವರೇ ಅವರನ್ನು ದಂಡೆಗೆ ಕರೆದುಕೊಂಡು ಹೋಗಿ ಈ ಕಾವಲನ್ನು ತೋರಿಸಲಿ. ಮರಿಗಳು ಕೆಂಪು ಬಣ್ಣ ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗಿ ಚದುರಿದ ಮೇಲೆ ಗಾಳ ಹಾಕಿದರೆ ಅಡ್ಡಿಯಿಲ್ಲ.

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಯಲ್ಲಿ ಮೊದಲ ಜೋರು ಮಳೆಯ ಮರುದಿನ ಮೀನುಗಳು ಸತ್ತು ತೇಲಿದವು. ಯಾರೋ ವಿಷ ಹಾಕಿದ್ದಾರೆಂದು ಮಾತು. ಕೆಲವರು ಆ ಮೀನನ್ನು ಒಯ್ದರು. (ಬೆಂಗಳೂರು)

ವಿಷ ಹಾಕುವ ದುಷ್ಟತನ ಇಲ್ಲವೆಂದಲ್ಲ, ಅದನ್ನು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ಅಪರಾಧವೆಂದೇ ಹೇಳುತ್ತದೆ. ಆದರೆ ನಗರದ ಕೆರೆಗಳಲ್ಲಿ ಮಳೆಯ ಮರುದಿನ ಮೀನು ಸಾಯುವುದಕ್ಕೆ ಸಾಮಾನ್ಯ ಕಾರಣ ಉಸಿರುಗಟ್ಟುವಿಕೆ. ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಚರಂಡಿಯ ಕೊಳಕು ಒಂದೇ ಬಾರಿಗೆ ಕೆರೆಗೆ ಇಳಿದಾಗ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ರಾತ್ರಿ ಬೆಳಗಾಗುವುದರೊಳಗೆ ತೀರಿಸಿಬಿಡುತ್ತವೆ. ಗೆಂಡೆಗಳು ನೆಮ್ಮದಿಯಿಂದಿರಲು ಪ್ರತಿ ಲೀಟರಿಗೆ ಸುಮಾರು 5 ಮಿಲಿಗ್ರಾಂ ಆಮ್ಲಜನಕ ಬೇಕು. ಸತ್ತವುಗಳಲ್ಲಿ ರೋಹು, ಕಾಟ್ಲಾಗಳೇ ಹೆಚ್ಚಿದ್ದು, ಗಾಳಿ ಉಸಿರಾಡುವ ಕೊರವ, ಮುರುಗೋಡುಗಳು ಬದುಕಿದ್ದರೆ ಕಾರಣ ಇದೇ ಎಂದು ಬಹುಮಟ್ಟಿಗೆ ತಿಳಿಯಬಹುದು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದಾಗ ಇಡೀ ನಗರ ಇದನ್ನು ಕಣ್ಣಾರೆ ಕಂಡಿತು.

ಸತ್ತು ತೇಲಿದ ಮೀನನ್ನು ಯಾವ ಕಾರಣಕ್ಕೂ ತಿನ್ನಬಾರದು, ಮಾರಬಾರದು. ಮೀನು ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಡುತ್ತಿರುವುದು ಕಂಡ ದಿನವೇ ಕೆರೆಯ ಉಸ್ತುವಾರಿ ಹೊತ್ತವರಿಗೆ ಬರಹದಲ್ಲಿ ತಿಳಿಸಿ, ಛಾಯಾಚಿತ್ರ ಇಟ್ಟುಕೊಳ್ಳಿ. ಸತ್ತ ಮೇಲೆ ಬರೆದ ದೂರಿಗಿಂತ ಅದಕ್ಕೆ ಬೆಲೆ ಹೆಚ್ಚು.

ಪ್ರಶ್ನೆ: ತುಂಗಭದ್ರಾ ಹಿನ್ನೀರಿನಲ್ಲಿ ಹರಿಗೋಲು ಹಾಕಿ ಬಲೆ ಬಿಡುವ ಕುಟುಂಬ ನಮ್ಮದು. ಬಲೆಗೆ ಬರುವುದರಲ್ಲಿ ಜಿಲೇಬಿಯೇ ಹೆಚ್ಚು. ನಮ್ಮ ತಂದೆ ಹಿಡಿಯುತ್ತಿದ್ದ ಹರಗಿ ಮೀನನ್ನು ನನ್ನ ಮಕ್ಕಳು ನೋಡಿಯೇ ಇಲ್ಲ. ಅದು ಇನ್ನು ಬರುವುದಿಲ್ಲವೇ? (ಹೊಸಪೇಟೆ)

ನಿಮ್ಮ ಪತ್ರ ಓದಿ ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದೆ. ಹರಗಿ ಕೃಷ್ಣಾ ಕೊಳ್ಳದ ಸ್ವಂತ ಮೀನು, ನೀರಿನ ಸೊಪ್ಪು ಮೇಯ್ದು ದೊಡ್ಡದಾಗುವ, ಯಾರಿಗೂ ಕೇಡು ಮಾಡದ ಮೀನು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೂ ಕೆಲವು ಕಾಲ ಅದು ಬಲೆಗೆ ಬರುತ್ತಿತ್ತು, ಆಮೇಲೆ ಇಳಿಯುತ್ತ ಹೋಯಿತು. ಹರಿವ ನೀರಿನಲ್ಲಿ ಮೊಟ್ಟೆ ಇಡುವ ಮೀನಿಗೆ ನಿಂತ ನೀರು ಒಗ್ಗಲಿಲ್ಲ. ಹೊಳೆಯ ಮೇಲ್ಭಾಗದ ಮರಳು, ಜಲ್ಲಿಯ ಪಾತ್ರಗಳು ಕೆದಕಿ ಹೋದವು. ಮರಿಗಳು ಸಣ್ಣ ಕಣ್ಣಿನ ಬಲೆಗೆ ಹೋದವು. ಅದೇ ವೇಳೆಗೆ, 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾ ಮೂಲದ ಜಿಲೇಬಿ ಮೀನು ನಿಂತ ನೀರನ್ನೇ ಮನೆ ಮಾಡಿಕೊಂಡಿತು. ಅದು ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ, ಅದಕ್ಕೆ ಹೊಸ ನೀರೂ ಬೇಡ, ಹತ್ತಲು ಹಳ್ಳವೂ ಬೇಡ.

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಗೆಂಡೆಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಹೊಳೆಯ ಹರಿವಿಲ್ಲದೆಯೇ ಮೊಟ್ಟೆ ಇಡಿಸಿದ ದಿನದಿಂದ ಕೆರೆಗಳಿಗೆ ರೋಹು, ಕಾಟ್ಲಾ ಮರಿ ಸಿಗುವಂತಾಯಿತು. ಅದೇ ಮಾರ್ಗದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಹೆಸರಘಟ್ಟದ ಪ್ರಾದೇಶಿಕ ಕೇಂದ್ರದ ವಿಜ್ಞಾನಿಗಳು ಹರಗಿಯ ಮರಿಗಳನ್ನು ಪಡೆದಿದ್ದಾರೆ. ಮರಿ ಹುಟ್ಟಿಸುವುದು ಅರ್ಧ ಕೆಲಸ, ಅದನ್ನು ಹಿನ್ನೀರಿನಲ್ಲಿ ಉಳಿಸುವುದು ಉಳಿದರ್ಧ. ನಿಮ್ಮ ಸಹಕಾರ ಸಂಘದ ಸಭೆಯಲ್ಲಿ ಎರಡು ಬೇಡಿಕೆ ಇಡಿ: ಬಿತ್ತನೆಯ ಪಟ್ಟಿಯಲ್ಲಿ ಸ್ಥಳೀಯ ಮೀನು ಸೇರಲಿ, ಮತ್ತು ನದಿ ಹಿನ್ನೀರಿಗೆ ಕೂಡುವ ಮೇಲ್ತುದಿಯ ಒಂದು ಭಾಗವನ್ನು ವರ್ಷವಿಡೀ ಬಲೆಯಿಲ್ಲದೆ ಬಿಡಲಿ. ಶೃಂಗೇರಿಯಲ್ಲಿ, ಚಿಪ್ಪಲಗುಡ್ಡೆಯಲ್ಲಿ, ಶಿಶಿಲದಲ್ಲಿ, ರಾಮನಾಥಪುರದಲ್ಲಿ ಜನ ದೇವರ ಮೀನೆಂದು ಬಿಟ್ಟ ಮಡುಗಳಲ್ಲಿ ದೊಡ್ಡ ಮೀನುಗಳು ಇಂದಿಗೂ ಕೈಗೆ ಎಟಕುವಷ್ಟು ಹತ್ತಿರ ಬರುತ್ತವೆ. ಬೇರೆ ಕಡೆಯೂ ಅದು ಸಾಧ್ಯ.

ಪ್ರಶ್ನೆ: ಭೀಮೇಶ್ವರಿಯಲ್ಲಿ ಬಿಳಿಮೀನಿಗೆ (ಮಹಸೀರ್) ಗಾಳ ಹಾಕಬಹುದೇ? (ಮೈಸೂರು)

ಹಾಕಬಾರದು. ಆ ಭಾಗ ಕಾವೇರಿ ವನ್ಯಜೀವಿಧಾಮದೊಳಗಿದೆ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಗಾಳಕ್ಕೆ ಸಿಕ್ಕಿದ ದಾಖಲೆ ಮೈಸೂರಿನವರಾದ ನಿಮಗೆ ತಿಳಿದಿರಬಹುದು. ಕಾವೇರಿಯ ಆ ಗೂನುಬೆನ್ನಿನ ಬಿಳಿಮೀನು ಇಂದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಪ್ರಶ್ನೆ: ನಮ್ಮ ಸಂಘಕ್ಕೆ ಈ ವರ್ಷ ಕೆರೆ ಗುತ್ತಿಗೆ ಸಿಕ್ಕಿದೆ. ಬಿತ್ತನೆ ಮರಿಗಳನ್ನು ಯಾವಾಗ ಬಿಡಬೇಕು? (ಅರಸೀಕೆರೆ)

ನೀರು ಬಂದ ಮೊದಲ ದಿನವೇ ಬಿಡಬೇಡಿ. ಕೆಸರು ತಂಗಿ ನೀರಿಗೆ ತಿಳಿಹಸಿರು ಬಣ್ಣ ಬರಲಿ, ಮರಿಯ ಆಹಾರ ತಯಾರಾಗಿರುವ ಗುರುತು ಅದು. ಕೋಡಿ ಹರಿಯುತ್ತಿದ್ದರೆ ನಿಲ್ಲುವವರೆಗೆ ಕಾಯಿರಿ ಅಥವಾ ಕೋಡಿಗೆ ಜಾಲರಿ ಕಟ್ಟಿ, ಇಲ್ಲದಿದ್ದರೆ ನಿಮ್ಮ ಹಣ ಕೆಳಗಿನ ಕೆರೆಗೆ ಹೋಗುತ್ತದೆ. ಉಗುರಿನಷ್ಟು ಸಣ್ಣ ಮರಿ ಅಗ್ಗವೆಂದು ಕೊಳ್ಳದೆ, ಬೆರಳುದ್ದದ ಮರಿಗೆ ಸ್ವಲ್ಪ ಹೆಚ್ಚು ಕೊಡಿ. ಬಿಸಿಲೇರುವ ಮೊದಲು, ಮರಿಗಳ ಚೀಲವನ್ನು ಬಾಯಿ ಬಿಚ್ಚದೆ 15ರಿಂದ 20 ನಿಮಿಷ ಕೆರೆಯ ನೀರಿನಲ್ಲಿ ತೇಲಬಿಡಿ. ಎರಡೂ ನೀರಿನ ಬಿಸಿ ಒಂದಾದ ಮೇಲೆ ಬಾಯಿ ಬಿಚ್ಚಿ, ಕೆರೆಯ ನೀರನ್ನು ಬೊಗಸೆ ಬೊಗಸೆಯಾಗಿ ಒಳಗೆ ಹಾಕಿ, ಚೀಲವನ್ನು ಓರೆ ಮಾಡಿ ಹಿಡಿಯಿರಿ. ಮರಿಗಳು ತಾವಾಗಿಯೇ ಈಜಿ ಹೊರಗೆ ಹೋಗಲಿ, ಸುರಿಯಬೇಡಿ.