ಮಳೆಗಾಲದಲ್ಲಿ ಬಾಡಿಗೆ ಫ್ಲ್ಯಾಟಿನ ಗೋಡೆಗೆ ಬೂಷ್ಟು ಹಿಡಿದರೆ ಸರಿಪಡಿಸಬೇಕಾದವರು ಯಾರು?

ಗೋಡೆಯೊಳಗಿಂದ ನೀರು ಜಿನುಗುತ್ತಿದ್ದರೆ ರಿಪೇರಿ ಮಾಲೀಕರದ್ದು. ಕೋಣೆಯ ತೇವವೇ ಗೋಡೆಗೆ ಕೂರುತ್ತಿದ್ದರೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಶಿವಮೊಗ್ಗದ ಮಳೆಗಾಲದಲ್ಲಿ ಎರಡೂ ಒಟ್ಟಿಗೆ ಕಾಡುವುದುಂಟು.

ಯಾವುದೆಂದು ತಿಳಿಯಲು ಗೋಡೆ ಒರೆಸಿ ಒಣಗಿಸಿ, ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, 2 ದಿನ ಬಿಡಿ. ಹನಿ ಹಾಳೆಯ ಹಿಂದೆ ಗೋಡೆಯ ಕಡೆಗಿದ್ದರೆ ಸೋರಿಕೆ: ಹೊರಗೋಡೆಯ ಬಿರುಕು, ಮೇಲಿನ ಮನೆಯ ಬಾತ್‌ರೂಮ್ ಪೈಪು ಅಥವಾ ಟೆರೇಸು. ಮೂಲ ಮುಚ್ಚದೆ ಬಣ್ಣ ಬಳಿಸಿದರೆ ಮುಂದಿನ ಮಳೆಗೆ ಅದು ಉಬ್ಬಿ ಉದುರುತ್ತದೆ. ಇದಕ್ಕೆ ದಯವಿಟ್ಟು ಒಪ್ಪಬೇಡಿ.

ಹನಿ ಕೋಣೆಯ ಕಡೆಗಿದ್ದರೆ ಅದು ಒಳಗೆ ಒಣಹಾಕಿದ ಬಟ್ಟೆ, ಅಡುಗೆ, ಸ್ನಾನದ ಹಬೆ. ತಣ್ಣನೆಯ ಹೊರಗೋಡೆ ತಾಗಿ ನೀರಾಗುತ್ತದೆ. ಗಾಳಿಯಾಡದ ಬೀರುವಿನ ಹಿಂದೆಯೇ ಬೂಷ್ಟು ಮೊದಲು ಏಳುವುದು ಇದಕ್ಕೇ. ಬೀರುವನ್ನು 3-4 ಇಂಚು ಮುಂದಕ್ಕೆ ಸರಿಸಿ, ಸ್ನಾನವಾದ ಮೇಲೂ 20 ನಿಮಿಷ ಎಕ್ಸಾಸ್ಟ್ ಫ್ಯಾನ್ ಓಡಿಸಿ, ಮಳೆ ಹೊಳವಾದಾಗ ಎದುರುಬದುರಿನ ಕಿಟಕಿ ತೆರೆಯಿರಿ.

ಮನೆಗೆ ಬಂದ ದಿನವೇ ಗೋಡೆಗಳ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ. ಬಿಡುವಾಗ ಬಣ್ಣದ ಲೆಕ್ಕದಲ್ಲಿ ಅಡ್ವಾನ್ಸ್ ಮುರಿದುಕೊಳ್ಳಲು ಬಂದರೆ ಹಳೆಯ ಕಲೆ ನಿಮ್ಮದಲ್ಲ ಎಂದು ತೋರಿಸಬಹುದು.